ಅಪ್ಪ ಕೇಳಿದ ಪ್ರಶ್ನೆಗೆ ಡಲ್ಲಾಸ್‌ನಿಂದ ಉತ್ತರ

ಡಲ್ಲಾಸ್, ಟೆಕ್ಸಾಸ್
20 ಜೂನ್ 2024

ತೀರ್ಥರೂಪರಾದ ಅಪ್ಪನಿಗೆ, ಮಾತೃಶ್ರೀ ಅಮ್ಮನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾವೆಲ್ಲ ಇಲ್ಲಿ ಕ್ಷೇಮ. ತೀರ್ಥಹಳ್ಳಿ ಕಡೆ ಮಳೆ ಹಿಡಿದಿದೆ ಎಂದು ತಮ್ಮ ಹೇಳಿದ. ತೋಟಕ್ಕೆ ಔಷಧಿ ಹೊಡೆಯುವುದು ಮಳೆಗೆ ಮುಂಚೆಯೇ ಮುಗಿಯಿತೇ?

ಚುನಾವಣೆ ಮುಗಿದು ಪೊಲೀಸ್ ಠಾಣೆಯಿಂದ ಕೋವಿ ಮನೆಗೆ ಬಂತು ಎಂದು ಹೋದ ವಾರ ನೀವು ಫೋನಿನಲ್ಲಿ ಹೇಳುವಾಗ ಪುಟ್ಟಿ ನನ್ನ ಪಕ್ಕದಲ್ಲೇ ಕುಳಿತಿದ್ದಳು. ಮತದಾನಕ್ಕೆ ಮೊದಲು ಅಜ್ಜ ಕೋವಿಯನ್ನು ತಾವೇ ಕೊಂಡೊಯ್ದು ಪೊಲೀಸರಿಗೆ ಒಪ್ಪಿಸುತ್ತಾರೆ ಎಂಬುದನ್ನು ಅವಳು ನಂಬಲೇ ಇಲ್ಲ. ಅವಳು ಬೆಳೆಯುತ್ತಿರುವ ರಾಜ್ಯದಲ್ಲಿ ಇಪ್ಪತ್ತೊಂದು ತುಂಬಿದವರು ಪರವಾನಗಿಯೇ ಇಲ್ಲದೆ ಪಿಸ್ತೂಲು ಸಿಕ್ಕಿಸಿಕೊಂಡು ಅಂಗಡಿಗೆ ಬರಬಹುದು. ಶಾಲೆಯಲ್ಲಿ ವರ್ಷಕ್ಕೆ ಕೆಲವು ಸಲ ದೀಪ ಆರಿಸಿ, ಬಾಗಿಲು ಹಾಕಿ, ಮಕ್ಕಳನ್ನು ಮೂಲೆಯಲ್ಲಿ ಉಸಿರು ಬಿಗಿಹಿಡಿದು ಕೂರಿಸುವ ತಾಲೀಮು ನಡೆಯುತ್ತದೆ. ಅವಳಿಗೆ ಎಂಟು ವರ್ಷ. ಹೆಜ್ಜೆಯ ಸದ್ದು ಕೇಳದಂತೆ ಬೂಟು ಬಿಚ್ಚಬೇಕೇ ಎಂದು ಒಮ್ಮೆ ನನ್ನನ್ನು ಕೇಳಿದಳು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಅಂದು ನೀವು ಕೇಳಿದ ಪ್ರಶ್ನೆಗೆ ಫೋನಿನಲ್ಲಿ ಉತ್ತರಿಸಲು ಆಗಲಿಲ್ಲ. "ಅಷ್ಟು ಮಕ್ಕಳು ಸತ್ತರೂ ಒಂದು ಕಾನೂನು ಮಾಡಲು ಆಗುವುದಿಲ್ಲವೇ? ಕಂಪನಿಗಳು ದುಡ್ಡು ಸುರಿದು ಎಲ್ಲರನ್ನೂ ಕೊಂಡಿರಬೇಕು" ಎಂದಿರಿ. ದುಡ್ಡಿನ ಪಾತ್ರ ಇಲ್ಲವೆಂದಲ್ಲ. ಆದರೆ ಹದಿಮೂರು ವರ್ಷ ಇಲ್ಲಿದ್ದು ನಾನು ಕಂಡದ್ದು, ದುಡ್ಡಿಗಿಂತ ಗಟ್ಟಿಯಾದದ್ದು ಇನ್ನೊಂದಿದೆ. ಅದು ಪಟ್ಟು. ನಮ್ಮ ಕಡೆ ಉಡದ ಪಟ್ಟು ಎನ್ನುತ್ತೇವಲ್ಲ, ಅದೇ.

2012ರ ಡಿಸೆಂಬರ್‌ನಲ್ಲಿ ಕನೆಕ್ಟಿಕಟ್‌ನ ಸ್ಯಾಂಡಿ ಹುಕ್ ಶಾಲೆಯಲ್ಲಿ ಆರೇಳು ವರ್ಷದ 20 ಮಕ್ಕಳು ಮತ್ತು ಆರು ಮಂದಿ ದೊಡ್ಡವರು ಗುಂಡಿಗೆ ಬಲಿಯಾದರು. ಬಂದೂಕು ಕೊಳ್ಳುವವರ ಹಿನ್ನೆಲೆಯನ್ನು ಇನ್ನಷ್ಟು ವ್ಯಾಪಕವಾಗಿ ಪರಿಶೀಲಿಸಬೇಕು ಎಂಬ ಮಸೂದೆ ನಾಲ್ಕು ತಿಂಗಳ ಮೇಲೆ ಸೆನೆಟ್‌ಗೆ ಬಂತು. ಸಮೀಕ್ಷೆಗಳಲ್ಲಿ ಹತ್ತರಲ್ಲಿ ಒಂಬತ್ತು ಜನ ಅದರ ಪರ ಇದ್ದರು. ಮಸೂದೆ ತಂದ ಸೆನೆಟರ್ ಜೋ ಮ್ಯಾಂಚಿನ್ ಅವರೇ, ಬಂದೂಕು ಹಕ್ಕಿನ ಪರ ಹೋರಾಡುವ ರಾಷ್ಟ್ರೀಯ ರೈಫಲ್ ಸಂಘದಿಂದ 'ಎ' ದರ್ಜೆ ಪಡೆದವರು. ಆದರೂ 54 ಮತ ಬಿದ್ದವು, ಬೇಕಿದ್ದದ್ದು 60. ಮಸೂದೆ ಬಿತ್ತು.

ದರ್ಜೆ ಎಂದೆನಲ್ಲ, ನೀವು ಮೇಷ್ಟರಾಗಿದ್ದವರು, ನಿಮಗೆ ಬೇಗ ಅರ್ಥವಾಗುತ್ತದೆ. ಆ ಸಂಘ ಪ್ರತಿಯೊಬ್ಬ ಅಭ್ಯರ್ಥಿಗೂ ಎ ಇಂದ ಎಫ್‌ವರೆಗೆ ಅಂಕ ಕೊಡುತ್ತದೆ. ಸ್ಯಾಂಡಿ ಹುಕ್ ಮಸೂದೆಗೆ ಯಾರು ಹೇಗೆ ಮತ ಹಾಕುತ್ತಾರೋ ಅದನ್ನೂ ಲೆಕ್ಕಕ್ಕೆ ಹಿಡಿಯುತ್ತೇವೆ ಎಂದು ಮೊದಲೇ ತಿಳಿಸಿತ್ತು. ಆ ಅಂಕಪಟ್ಟಿ ಸದಸ್ಯರ ಮನೆಮನೆಗೆ ತಲುಪುತ್ತದೆ, ಅವರು ಅದನ್ನು ನೋಡಿಯೇ ಮತ ಹಾಕುತ್ತಾರೆ. ಉಳಿದ ಒಂಬತ್ತು ಪಾಲು ಜನಕ್ಕೆ ಬಂದೂಕಿನ ಪ್ರಶ್ನೆ ಹತ್ತರಲ್ಲಿ ಒಂದು. ತೆರಿಗೆ, ಕೆಲಸ, ಔಷಧದ ಬೆಲೆ ಎಲ್ಲವನ್ನೂ ಅವರು ತೂಗುತ್ತಾರೆ. ಸಂಘದವರಿಗೆ ಇರುವುದು ಅದೊಂದೇ. ಯಾರ ಸಿಟ್ಟನ್ನು ಮರುವರ್ಷವೂ ಎದುರಿಸಬೇಕಾಗುತ್ತದೆ ಎಂಬುದು ರಾಜಕಾರಣಿಗೆ ಚೆನ್ನಾಗಿ ಗೊತ್ತು.

ಈ ಸಂಘ ಮೊದಲಿನಿಂದಲೂ ಹೀಗಿರಲಿಲ್ಲ. 1871ರಲ್ಲಿ ನ್ಯೂಯಾರ್ಕ್‌ನಲ್ಲಿ ಅದನ್ನು ಕಟ್ಟಿದವರು ಅಂತರ್ಯುದ್ಧದಿಂದ ಮರಳಿದ ಸೇನಾಧಿಕಾರಿಗಳು. ಸೈನಿಕರಿಗೆ ಗುರಿ ಹೊಡೆಯಲು ಬಾರದು, ಕಲಿಸಬೇಕು ಎಂಬುದಷ್ಟೇ ಅವರ ಉದ್ದೇಶ. 1934ರಲ್ಲಿ ಸಂಘದ ಅಧ್ಯಕ್ಷರೇ ಸಂಸತ್ತಿನ ಮುಂದೆ ನಿಂತು, ಎಲ್ಲರೂ ಆಯುಧ ಹೊತ್ತು ತಿರುಗುವುದನ್ನು ಕಟ್ಟುನಿಟ್ಟಾಗಿ ನಿರ್ಬಂಧಿಸಬೇಕು ಎಂದಿದ್ದರು. 1977ರ ಮೇ ತಿಂಗಳಲ್ಲಿ ಸಿನ್ಸಿನಾಟಿಯ ವಾರ್ಷಿಕ ಸಭೆಯಲ್ಲಿ ಎಲ್ಲವೂ ತಿರುವುಮುರುವಾಯಿತು. ಹಳೆಯ ಮುಖಂಡರು ರಾಜಕೀಯ ಬಿಟ್ಟು ಬೇಟೆ, ಕ್ರೀಡೆಗಳತ್ತ ವಾಲಬೇಕೆಂದಿದ್ದರು, ಕಚೇರಿಯನ್ನು ವಾಷಿಂಗ್ಟನ್‌ನಿಂದ ಕೊಲೊರಾಡೊಗೆ ಸಾಗಿಸಲು ಸಿದ್ಧರಾಗಿದ್ದರು. ಸಿಟ್ಟಿಗೆದ್ದ ಸದಸ್ಯರು ರಾತ್ರಿಯಿಡೀ ಸಭೆ ನಡೆಸಿ ಅವರನ್ನು ಇಳಿಸಿ, ಬಂದೂಕು ಕಾನೂನುಗಳನ್ನು ಕಟುವಾಗಿ ವಿರೋಧಿಸುತ್ತಿದ್ದ ಹಾರ್ಲನ್ ಕಾರ್ಟರ್ ಅವರನ್ನು ಕೂರಿಸಿದರು. ಆ ರಾತ್ರಿಯ ನೆರಳು ನನ್ನ ಮಗಳ ತರಗತಿಯವರೆಗೂ ಚಾಚಿದೆ ಎಂದು ನಾನು ನಂಬಿದ್ದೇನೆ.

ಗರ್ಭಪಾತದ ವಿಷಯವೂ ಅದೇ ದಾರಿಯಲ್ಲಿ ಬಂತು. 1967ರಲ್ಲಿ ಕ್ಯಾಲಿಫೋರ್ನಿಯಾದ ಗವರ್ನರ್ ಆಗಿದ್ದವರು ರೊನಾಲ್ಡ್ ರೇಗನ್. ಗರ್ಭಪಾತವನ್ನು ಸಡಿಲಗೊಳಿಸಿದ ಕಾನೂನಿಗೂ, ತುಂಬಿದ ಬಂದೂಕನ್ನು ಬೀದಿಯಲ್ಲಿ ಹೊತ್ತು ತಿರುಗುವುದನ್ನು ನಿಷೇಧಿಸಿದ ಕಾನೂನಿಗೂ ಅದೇ ವರ್ಷ ಅವರೇ ಸಹಿ ಹಾಕಿದರು. 1980ರಲ್ಲಿ ಅಧ್ಯಕ್ಷ ಪದವಿಗೆ ನಿಂತಾಗ ಎರಡರಲ್ಲೂ ಎದುರು ಬದಿಯಲ್ಲಿದ್ದರು. ರೈಫಲ್ ಸಂಘ ಅಧ್ಯಕ್ಷೀಯ ಅಭ್ಯರ್ಥಿಯೊಬ್ಬರಿಗೆ ಬೆಂಬಲ ಘೋಷಿಸಿದ್ದು ಅದೇ ಮೊದಲು. ಈಗ ಇಲ್ಲಿನವರು ರೇಗನ್ ಅವರ ರಿಪಬ್ಲಿಕನ್ ಪಕ್ಷಕ್ಕೂ ಈ ನಿಲುವುಗಳಿಗೂ ಹುಟ್ಟಿನಿಂದ ಬಂದ ನಂಟಿದೆ ಎಂಬಂತೆ ಮಾತಾಡುತ್ತಾರೆ. ಆ ಗಂಟು ಹಾಕಿದವರು ಪಕ್ಷದ ಹೊರಗಿದ್ದ ಇಂಥ ಗುಂಪುಗಳವರು.

ನಮ್ಮ ಟೆಕ್ಸಾಸ್‌ನಲ್ಲಿ 2021ರ ಸೆಪ್ಟೆಂಬರ್ 1ರಂದು ಎರಡು ಕಾನೂನುಗಳು ಒಂದೇ ದಿನ ಜಾರಿಗೆ ಬಂದವು. ಒಂದು, ಪರವಾನಗಿ ಇಲ್ಲದೆ ಪಿಸ್ತೂಲು ಒಯ್ಯಬಹುದು ಎಂಬುದು. ಇನ್ನೊಂದು, ಭ್ರೂಣದ ಹೃದಯ ಮಿಡಿತ ಕಂಡ ಮೇಲೆ, ಅಂದರೆ ಸುಮಾರು ಆರು ವಾರದ ನಂತರ, ಗರ್ಭಪಾತ ಕೂಡದು ಎಂಬುದು. ಆ ಎರಡನೆಯದನ್ನು ಜಾರಿ ಮಾಡುವವರು ಪೊಲೀಸರಲ್ಲ. ದಾರಿಯಲ್ಲಿ ಹೋಗುವ ಯಾರು ಬೇಕಾದರೂ ವೈದ್ಯರ ಮೇಲೆ, ನೆರವಾದವರ ಮೇಲೆ ದಾವೆ ಹೂಡಿ, ಗೆದ್ದರೆ ಕನಿಷ್ಠ 10,000 ಡಾಲರ್ ಪಡೆಯಬಹುದು. ಒಬ್ಬ ಹೆಣ್ಣುಮಗಳನ್ನು ಕಾರಿನಲ್ಲಿ ಕೂರಿಸಿಕೊಂಡು ಹೋದ ಗೆಳತಿಯೂ ಹೆದರಬೇಕಾಯಿತು. ಮರುವರ್ಷ ಜೂನ್ 24ರಂದು ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕನ್ನು ದೇಶಕ್ಕೆಲ್ಲ ಕೊಟ್ಟಿದ್ದ 1973ರ ರೋ ತೀರ್ಪನ್ನೇ ರದ್ದುಮಾಡಿತು. ಆ ಮೊಕದ್ದಮೆಗೆ ಕಾರಣವಾದ ಮಿಸಿಸಿಪ್ಪಿಯ ಹದಿನೈದು ವಾರದ ಕಾನೂನಿನ ಕರಡಿನ ಹಿಂದೆ ಅಲಯನ್ಸ್ ಡಿಫೆಂಡಿಂಗ್ ಫ್ರೀಡಂ ಎಂಬ ಗರ್ಭಪಾತ ವಿರೋಧಿ ಸಂಘಟನೆಯ ವಕೀಲರಿದ್ದರು. ಅದೇ ವರ್ಷದ ಆಗಸ್ಟ್‌ನಿಂದ ಟೆಕ್ಸಾಸ್‌ನಲ್ಲಿ ಗರ್ಭಪಾತ ಪೂರ್ತಿ ನಿಷಿದ್ಧ. ತಾಯಿಯ ಜೀವಕ್ಕೆ, ಇಲ್ಲವೇ ದೇಹದ ಮುಖ್ಯ ಕ್ರಿಯೆಗೆ ಗಂಭೀರ ಅಪಾಯವಿದ್ದರೆ ಮಾತ್ರ ವಿನಾಯಿತಿ. ತಪ್ಪಿದರೆ ವೈದ್ಯರಿಗೆ ಜೀವಾವಧಿಯವರೆಗೂ ಶಿಕ್ಷೆಯಾಗಬಹುದು.

ಅಮ್ಮ, ನೀವು ಇಷ್ಟು ವರ್ಷ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ದಾದಿಯಾಗಿ ಇದ್ದವರು, ಇದು ನಿಮಗಾಗಿ. ಎಷ್ಟು ಅಪಾಯವಾದರೆ ಅಪಾಯ ಎನ್ನುವುದನ್ನು ಕಾನೂನು ಹೇಳುವುದಿಲ್ಲ. ಇಲ್ಲಿ ನಮ್ಮ ಪರಿಚಯದ ಒಬ್ಬಳಿಗೆ ಐದನೆಯ ತಿಂಗಳಿಗೆ ಮೊದಲೇ ನೀರು ಒಡೆಯಿತು. ಮಗು ಉಳಿಯುವುದಿಲ್ಲವೆಂದು ವೈದ್ಯರೇ ಹೇಳಿದರು, ಆದರೆ ಮಿಡಿತ ಇದೆಯೆಂದು ಜ್ವರ ಬರುವವರೆಗೂ ಕಾದರು. ಬದುಕಿದಳು. ಅವಳ ಹಾಸಿಗೆಯ ಪಕ್ಕದಲ್ಲಿ ಕುಳಿತಾಗ ನನಗೆ ನೆನಪಾದದ್ದು ನಮ್ಮ ಬೆಳಗಾವಿಯ ಸವಿತಾ ಹಾಲಪ್ಪನವರ. 2012ರ ಅಕ್ಟೋಬರ್‌ನಲ್ಲಿ ಐರ್ಲೆಂಡಿನ ಗಾಲ್ವೇಯಲ್ಲಿ ಅವರು ತೀರಿಕೊಂಡ ಸುದ್ದಿ ಓದಿ ನೀವು ಊಟ ಬಿಟ್ಟು ಕುಳಿತಿದ್ದಿರಿ. ಅವರಿಗೆ ಹದಿನೇಳು ವಾರ ತುಂಬಿತ್ತು, ಅಲ್ಲೂ ಮಿಡಿತ ಇದೆಯೆಂದು ಗರ್ಭಪಾತಕ್ಕೆ ಒಪ್ಪಲಿಲ್ಲ. ಅಲ್ಲಿನ ವೈದ್ಯರನ್ನು ಕಟ್ಟಿಹಾಕಿದ್ದು ಗರ್ಭಪಾತವನ್ನು ತಡೆದ 1983ರ ಐರಿಷ್ ಸಂವಿಧಾನ ತಿದ್ದುಪಡಿ. ಅದರ ಹಿಂದೆಯೂ ಇದ್ದದ್ದು 1981ರಲ್ಲಿ ಹುಟ್ಟಿದ ಒಂದು ಪ್ರಚಾರ ಸಂಘಟನೆ. ಎರಡೇ ವರ್ಷದಲ್ಲಿ ಅದು ದೊಡ್ಡ ಪಕ್ಷಗಳನ್ನು ಒಪ್ಪಿಸಿತು. ತೆಗೆದುಹಾಕಲು ಐರಿಷ್ ಜನಕ್ಕೆ 35 ವರ್ಷ ಹಿಡಿಯಿತು.

ಇವರೆಲ್ಲ ಕೆಟ್ಟವರೆಂದು ನಾನು ಬರೆಯುತ್ತಿಲ್ಲ. ನಮ್ಮ ಎದುರು ಮನೆಯ ಅಜ್ಜಿ ಪ್ರತಿ ಜನವರಿ ಗರ್ಭಪಾತ ವಿರೋಧಿ ಮೆರವಣಿಗೆಗೆ ಹೋಗುತ್ತಾರೆ. ನನಗೆ ಜ್ವರ ಬಂದಾಗ ಪುಟ್ಟಿಗೆ ಊಟ ಹಾಕಿದವರೂ ಅವರೇ. ಹುಟ್ಟದ ಕೂಸಿನ ಮೇಲೆ ಅವರಿಗಿರುವ ಮರುಕ ನಿಜವಾದದ್ದು. ಎದುರು ಕಡೆಯವರೂ ಸುಮ್ಮನಿಲ್ಲ. ಎಮಿಲೀಸ್ ಲಿಸ್ಟ್ ಎಂಬ ಸಂಘಟನೆ 1985ರಿಂದ ಗರ್ಭಪಾತದ ಹಕ್ಕಿನ ಪರವಿರುವ ಮಹಿಳಾ ಅಭ್ಯರ್ಥಿಗಳಿಗೆ ಹಣ ಕೂಡಿಸುತ್ತಿದೆ, ಸ್ಯಾಂಡಿ ಹುಕ್ ನಂತರ ಬಂದೂಕು ನಿಯಂತ್ರಣಕ್ಕಾಗಿ ತಾಯಂದಿರ ಸಂಘಟನೆಯೂ ಹುಟ್ಟಿದೆ. ನನ್ನ ಸಂಕಟ ಬೇರೆ. ಪಟ್ಟು ಹಿಡಿದ ಗುಂಪುಗಳು ಎಷ್ಟೋ ಸಲ ಜನರನ್ನು ನೇರವಾಗಿ ಕೇಳುವ ದಾರಿಗಳನ್ನು ಬಿಟ್ಟು ಕಿರಿದಾದ ಬಾಗಿಲುಗಳನ್ನೇ ಹುಡುಕುತ್ತವೆ. ಕಾನ್ಸಾಸ್‌ನಲ್ಲಿ 2022ರ ಆಗಸ್ಟ್‌ನಲ್ಲಿ ಜನರನ್ನೇ ಕೇಳಿದಾಗ 59 ಶೇಕಡಾ ಮಂದಿ ಗರ್ಭಪಾತದ ಹಕ್ಕನ್ನು ಉಳಿಸಿಕೊಂಡರು, ಅದೂ ರಿಪಬ್ಲಿಕನ್ನರ ನೆಲೆಯಲ್ಲಿ. ಟೆಕ್ಸಾಸ್‌ನಲ್ಲಿ ಜನರೇ ಸಹಿ ಕೂಡಿಸಿ ಇಂಥ ಪ್ರಶ್ನೆಯನ್ನು ಮತಕ್ಕೆ ಹಾಕಿಸುವ ಅವಕಾಶವೇ ಇಲ್ಲ. ಹೋದ ಗುರುವಾರ, ಗರ್ಭಪಾತದ ಮಾತ್ರೆಯನ್ನು ನಿರ್ಬಂಧಿಸಬೇಕೆಂಬ ಮೊಕದ್ದಮೆಯನ್ನು ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಮೂರ್ತಿಗಳು ತಳ್ಳಿಹಾಕಿದರು. ಅದನ್ನು ಹೂಡಿದ ವೈದ್ಯರ ಸಂಘ 2022ರಲ್ಲಿ ನಮ್ಮ ರಾಜ್ಯದ ಅಮರಿಲೊದಲ್ಲಿ ನೋಂದಣಿಯಾದದ್ದು. ಅಮರಿಲೊದಲ್ಲಿ ದಾವೆ ಹೂಡಿದರೆ ಅದು ಗರ್ಭಪಾತವನ್ನು ವಿರೋಧಿಸುವ ನ್ಯಾಯಾಧೀಶರೊಬ್ಬರ ಮುಂದೆಯೇ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

ರೈಫಲ್ ಸಂಘ ಈಗ ಸೊರಗಿದೆ. ಮೂವತ್ತು ವರ್ಷ ಅದನ್ನು ನಡೆಸಿದ ವೇನ್ ಲಾಪಿಯರ್ ಈ ಜನವರಿಯಲ್ಲಿ ರಾಜೀನಾಮೆ ಕೊಟ್ಟರು, ಸಂಘದ ಹಣ ದುರುಪಯೋಗ ಮಾಡಿದ್ದಾರೆಂದು ನ್ಯೂಯಾರ್ಕ್‌ನ ಜ್ಯೂರಿ ಫೆಬ್ರವರಿಯಲ್ಲಿ ತೀರ್ಮಾನಿಸಿತು. ಆದರೂ ಹೋದ ತಿಂಗಳು ಇದೇ ಡಲ್ಲಾಸ್‌ನಲ್ಲಿ ಅದರ ಸಮ್ಮೇಳನ ನಡೆದಾಗ ಡೊನಾಲ್ಡ್ ಟ್ರಂಪ್ ಬಂದು ಭಾಷಣ ಮಾಡಿದರು. ಎರಡು ವರ್ಷದ ಹಿಂದೆ ನಮ್ಮದೇ ರಾಜ್ಯದ ಯುವಾಲ್ಡಿಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಸತ್ತ ಮೂರನೆಯ ದಿನ ಹ್ಯೂಸ್ಟನ್‌ನಲ್ಲಿ ಅದೇ ಸಮ್ಮೇಳನ ಆರಂಭವಾಗಿತ್ತು. ಆಗ ನಾನು ಟಿವಿ ಆರಿಸಿ ಹಿತ್ತಿಲಿಗೆ ಹೋಗಿ ಅತ್ತೆ.

ಅಪ್ಪ, ಈ ವಸಂತದಲ್ಲಿ ನನಗೆ ಇಲ್ಲಿನ ಪೌರತ್ವ ಸಿಕ್ಕಿದ್ದು ನಿಮಗೆ ಗೊತ್ತು. ಮೇ 28ರಂದು ಪಕ್ಷದ ಅಭ್ಯರ್ಥಿಯನ್ನು ಆರಿಸುವ ಎರಡನೆಯ ಸುತ್ತಿಗೆ ಮೊದಲ ಸಲ ಮತ ಹಾಕಿದೆ. ಸರದಿಯಲ್ಲಿ ನನ್ನ ಮುಂದೆ ಮೂವರಿದ್ದರು, ಮೂವರೂ ಅರವತ್ತು ದಾಟಿದವರು. ಟೆಕ್ಸಾಸ್‌ನ ಬಹುಪಾಲು ಕ್ಷೇತ್ರಗಳಲ್ಲಿ ಗೆಲುವು ತೀರ್ಮಾನವಾಗುವುದೇ ಆ ಖಾಲಿ ಕೋಣೆಯಲ್ಲಿ. ಉಡದ ಪಟ್ಟಿನವರು ಅಲ್ಲಿಗೆ ತಪ್ಪದೆ ಬರುತ್ತಾರೆ. ಇನ್ನು ಮೇಲೆ ನಾನೂ ತಪ್ಪಿಸುವುದಿಲ್ಲ, ನವೆಂಬರ್‌ಗೆ ನಮ್ಮ ಬೀದಿಯ ಇನ್ನಿಬ್ಬರು ಕನ್ನಡದ ಹೆಣ್ಣುಮಕ್ಕಳನ್ನೂ ಕರೆದುಕೊಂಡು ಹೋಗುತ್ತೇನೆ.

ಕೋವಿ ಒಪ್ಪಿಸಿದಾಗ ಠಾಣೆಯಲ್ಲಿ ಕೊಟ್ಟ ರಸೀದಿ ಇನ್ನೂ ನಿಮ್ಮ ಬಳಿ ಇದ್ದರೆ ಅದರ ಫೋಟೋ ತೆಗೆದು ತಮ್ಮನಿಂದ ಕಳಿಸಿ. ಪುಟ್ಟಿ ಕೇಳುತ್ತಲೇ ಇದ್ದಾಳೆ. ಶಾಲೆ ತೆರೆದ ಮೇಲೆ ಗೆಳತಿಯರಿಗೆ ತೋರಿಸಬೇಕಂತೆ.

ನಿಮ್ಮ ಆಶೀರ್ವಾದ ಬೇಡುವ,
ಮಗಳು