ಅಟ್ಟದಿಂದ ಇಳಿದ ಗಂಟು

ಮಾನ್ಯರೇ,

ಮೂರು ವರ್ಷಗಳಿಂದ ನಾನು ಒಂದು ಪುಸ್ತಕವನ್ನೂ ಪೂರ್ತಿ ಓದಿರಲಿಲ್ಲ. ಕೊಂಡವು ಹತ್ತಾರು, ಎಲ್ಲವೂ ಇಪ್ಪತ್ತನೆಯ ಪುಟದಲ್ಲಿ ಬಸ್ ಟಿಕೆಟ್ ಸಿಕ್ಕಿಸಿಕೊಂಡು ಕುಳಿತಿವೆ. ಕಳೆದ ತಿಂಗಳು ಮನೆಗೆ ಸುಣ್ಣಬಣ್ಣ ಮಾಡಿಸುವಾಗ ಅಟ್ಟದಿಂದ ಒಂದು ಗಂಟು ಇಳಿಯಿತು. ಅಪ್ಪ ಬೈಂಡ್ ಮಾಡಿಸಿಟ್ಟಿದ್ದ ಹನ್ನೆರಡು ‘ಚಂದಮಾಮ’ ಸಂಚಿಕೆಗಳು! ತೂಕಕ್ಕೆ ಹಾಕಿದ್ದರೆ ಎಂದೋ ಮಂಡಕ್ಕಿ ಪೊಟ್ಟಣಗಳಾಗಿರುತ್ತಿದ್ದವು. ಧೂಳು ಒರೆಸಲು ಕುಳಿತವನು ಬೇತಾಳ ಮತ್ತೆ ಮರಕ್ಕೆ ಹಾರುವವರೆಗೂ ಏಳಲಿಲ್ಲ. ಬಣ್ಣದವರು ಕೂಲಿಗಾಗಿ ಬಾಗಿಲಲ್ಲಿ ಕಾಯುತ್ತಿದ್ದರು.

ಆ ಕಥೆಗಳ ರಾಜಕುಮಾರಿಯರಿಗೆ ಮಾತೇ ಕಡಿಮೆ ಎಂಬುದು ಈಗಷ್ಟೇ ಕಣ್ಣಿಗೆ ಬಿತ್ತು. ಇರಲಿ. ಮೊಬೈಲ್ ಮುಟ್ಟದೆ ಎರಡು ಗಂಟೆ ಕಳೆದಿತ್ತು. ಅದೇ ವಾರ, ಬಸ್ ಟಿಕೆಟ್ ಕಿತ್ತೆಸೆದು ಒಂದು ಕಾದಂಬರಿಯನ್ನೂ ಮುಗಿಸಿದೆ.

1949ರಲ್ಲಿ ಕನ್ನಡಕ್ಕೆ ಬಂದ ಆ ಮಾಸಪತ್ರಿಕೆ ಇಂದು ಅಂಗಡಿಗಳಲ್ಲಿ ಸಿಗುವುದಿಲ್ಲ. ಆಸ್ತಿ ತೆರಿಗೆಯ ಜೊತೆಗೆ ನಾವೆಲ್ಲ ಗ್ರಂಥಾಲಯ ಕರವನ್ನೂ ಕಟ್ಟುತ್ತೇವಲ್ಲ, ದಾವಣಗೆರೆಯ ಗ್ರಂಥಾಲಯಗಳಲ್ಲಿ ಹಳೆಯ ಮಕ್ಕಳ ಪುಸ್ತಕಗಳಿಗೆಂದು ಒಂದೊಂದು ಕಪಾಟು ಮೀಸಲಿಡಬಾರದೇ? ಮಕ್ಕಳ ವಿಭಾಗದಲ್ಲಿ ಬೇಡ, ದೊಡ್ಡವರ ಕೈಗೆ ಸಿಗುವಲ್ಲಿ ಇಡಲಿ. ಐವತ್ತು ದಾಟಿದವರು ಗಿಡ್ಡ ಕುರ್ಚಿಯಲ್ಲಿ ಕೂರಲು ನಾಚುತ್ತಾರೆ, ಮೊಣಕಾಲೂ ಒಪ್ಪುವುದಿಲ್ಲ.

ಆ ಕಪಾಟಿಗೆ ನನ್ನ ಗಂಟನ್ನೇ ಮೊದಲು ಕೊಡುತ್ತೇನೆ. ಸದ್ಯಕ್ಕೆ ಇನ್ನೂ ಎಂಟು ಸಂಚಿಕೆ ಓದುವುದು ಬಾಕಿ ಇದೆ.

– ಒಬ್ಬ ಓದುಗ, ದಾವಣಗೆರೆ