ಕೇಸ್ ಶೀಟ್ ಕೊಡಲು ಐದು ತಿಂಗಳು ಬೇಕೇ?

ಮಾನ್ಯ ಸಂಪಾದಕರೇ,

ಶಸ್ತ್ರಚಿಕಿತ್ಸೆಯ ನಂತರ ಸತ್ತವರ ಕಡೆಯವರು ಆಸ್ಪತ್ರೆಯ ವಿರುದ್ಧ ಗ್ರಾಹಕರ ಆಯೋಗದ ಮೆಟ್ಟಿಲು ಹತ್ತಿದರೆ ಊರಿನಲ್ಲಿ ಮೊದಲು ಕೇಳಿಬರುವ ಮಾತು ‘ರೊಕ್ಕಕ್ಕಾಗಿ ಕೇಸ್ ಹಾಕ್ಯಾರ’ ಎಂಬುದು. ಕಳೆದೊಂದು ವರ್ಷದಿಂದ ಈ ಮಾತನ್ನು ಕೇಳಿಸಿಕೊಳ್ಳುತ್ತಿರುವ ಕುಟುಂಬ ನಮ್ಮದು. ನಾವು ಕೇಳಿದ್ದು ಏನನ್ನು, ಕೇಸಿನವರೆಗೆ ಹೋಗಬೇಕಾಗಿ ಬಂದದ್ದು ಯಾಕೆ ಎಂಬುದನ್ನು ತಮ್ಮ ಪತ್ರಿಕೆಯ ಮೂಲಕ ತಿಳಿಸಲು ಇಚ್ಛಿಸುತ್ತೇನೆ.

ಸಿಂಧನೂರು ತಾಲ್ಲೂಕಿನ ನನ್ನ ತಂಗಿಗೆ 41 ವರ್ಷ. ಪಿತ್ತಕೋಶದಲ್ಲಿ ಕಲ್ಲಾಗಿತ್ತು. ಭತ್ತದ ಕೊಯ್ಲು ಮುಗಿಯಲೆಂದು ಎರಡು ತಿಂಗಳು ನೋವು ತಡೆದುಕೊಂಡು, ಆಮೇಲೆ ಖಾಸಗಿ ಆಸ್ಪತ್ರೆಯೊಂದಕ್ಕೆ ದಾಖಲಾದಳು. ಮೂರನೆಯ ದಿನ ಮನೆಗೆ ಹೋಗಬಹುದೆಂದು ಹೇಳಿದ್ದರು. ಮಧ್ಯಾಹ್ನ ಆಪರೇಷನ್ ಆಯಿತು, ಸಂಜೆ ಮಕ್ಕಳ ಜೊತೆ ಫೋನಿನಲ್ಲಿ ಮಾತನ್ನೂ ಆಡಿದಳು. ರಾತ್ರಿ ಒಂಬತ್ತರ ನಂತರ ಮೈಯೆಲ್ಲ ಬೆವರಿ, ಕೈಕಾಲು ತಣ್ಣಗಾಗಿ, ನೀರು ನೀರು ಎಂದು ಕನವರಿಸತೊಡಗಿದಳು. ಅವಳ ಗಂಡ ಮೂರು ಸಲ ಹೋಗಿ ನರ್ಸನ್ನು ಕರೆದಾಗಲೂ ‘ಆಪರೇಷನ್ ನೋವಿಗೆ ಹಂಗಾಗತೈತ್ರಿ’ ಎಂಬ ಉತ್ತರವೇ ಸಿಕ್ಕಿತು. ನಸುಕಿನ ಮೂರು ಗಂಟೆಗೆ ರಾಯಚೂರಿಗೆ ಒಯ್ಯಿರೆಂದು ಆಂಬುಲೆನ್ಸ್ ಹತ್ತಿಸಿದರು. ಮಾನ್ವಿ ಮುಟ್ಟುವುದರೊಳಗೆ ಜೀವ ಹೋಗಿತ್ತು.

ಆ ಹೊತ್ತಿನಲ್ಲಿ ನಾವೊಂದು ತಪ್ಪು ಮಾಡಿದೆವು. ಬೇರೆಯವರು ಅದನ್ನು ಮಾಡಬಾರದೆಂದು ಬರೆಯುತ್ತಿದ್ದೇನೆ. ಪೊಲೀಸರಿಗೆ ದೂರು ಕೊಟ್ಟು ಪೋಸ್ಟ್‌ಮಾರ್ಟಂ ಮಾಡಿಸಬೇಕಿತ್ತು. ಸತ್ತ ಮೇಲೂ ಆಕೆಯನ್ನು ಕೊಯ್ಯಿಸುವುದು ಬೇಡವೆಂದು ನಮ್ಮ ತಾಯಿ ನೆಲಕ್ಕೆ ಬಿದ್ದು ಅತ್ತಾಗ, ಎಷ್ಟೋ ವರ್ಷ ಮಕ್ಕಳಿಗೆ ವಿಜ್ಞಾನ ಪಾಠ ಹೇಳಿದ ನಾನೂ ಸುಮ್ಮನಾದೆ. ಸಾವಿನ ಕಾರಣವನ್ನು ಸ್ಪಷ್ಟವಾಗಿ ಹೇಳಬಲ್ಲ ಸಾಕ್ಷ್ಯ ಅಂದೇ ಮಣ್ಣಾಯಿತು. ಉಳಿದದ್ದು ಆಸ್ಪತ್ರೆಯವರು ಬರೆದಿಟ್ಟ ಕೇಸ್ ಶೀಟ್, ಅಂದರೆ ಚಿಕಿತ್ಸೆಯ ದಾಖಲೆ ಒಂದೇ.

ರೋಗಿಯ ಕಡೆಯವರು ಕೇಳಿದರೆ ವೈದ್ಯಕೀಯ ದಾಖಲೆಗಳನ್ನು 72 ಗಂಟೆಯೊಳಗೆ ಕೊಡಬೇಕು, ಒಳರೋಗಿಗಳ ದಾಖಲೆಯನ್ನು 3 ವರ್ಷ ಕಾಪಾಡಬೇಕು ಎಂದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಹೇಳುತ್ತದೆ. ನಮಗೆ ಕೇಸ್ ಶೀಟ್ ಸಿಕ್ಕಿದ್ದು ಐದು ತಿಂಗಳ ನಂತರ, ಅದೂ ವಕೀಲರ ನೋಟಿಸ್ ಹೋದ ಮೇಲೆ. ಗ್ರಾಹಕರ ಆಯೋಗಕ್ಕೆ ದೂರು ಕೊಡಲು ಕಾನೂನು ಇಟ್ಟಿರುವ ಗಡುವು 2 ವರ್ಷ. ಅದರಲ್ಲಿ ಐದು ತಿಂಗಳು ‘ಸಾಹೇಬರು ಇಲ್ಲ, ನಾಳೆ ಬರ್ರಿ’ ಎನ್ನುವುದರಲ್ಲೇ ಕಳೆಯಿತು. ಈ ನಡುವೆ ಊರಿನ ಇಬ್ಬರು ಹಿರಿಯರು ರಾಜಿ ಮಾತು ಹಿಡಿದು ಮನೆಗೆ ಬಂದರು. ‘ಹೋದಾಕಿ ತಿರುಗಿ ಬರ್ತಾಳೇನ್ರೀ ಮಾಸ್ತರ, ಮಕ್ಕಳ ಹೆಸರಿಗೆ ಒಂದಿಷ್ಟು ಇಡ್ತಾರ, ಬಿಟ್ಟುಬಿಡ್ರಿ’ ಎಂದರು. ರೊಕ್ಕವೇ ಬೇಕಾಗಿದ್ದರೆ ಅಂದೇ ಮುಗಿಯುತ್ತಿತ್ತು.

ಕೊನೆಗೆ ಕೈಗೆ ಬಂದ ಜೆರಾಕ್ಸ್ ಪ್ರತಿಯಲ್ಲಿ ನಾಡಿ ಮತ್ತು ಬಿಪಿ ಬರೆಯುವ ಹಾಳೆಯೊಂದಿದೆ. ರಾತ್ರಿ 8 ಗಂಟೆಗೆ ನಾಡಿ 88, ಬಿಪಿ 110/70 ಎಂದು ಬರೆದಿದ್ದಾರೆ. ಅದರ ಕೆಳಗಿನ ಸಾಲಿನಲ್ಲಿ ಸಮಯ 2.10, ನಾಡಿ 140, ಬಿಪಿ 70/40. ನಡುವಿನ ಆರು ಗಂಟೆಗಳಿಗೆ ಒಂದಕ್ಷರವೂ ಇಲ್ಲ. ಆಪರೇಷನ್ ನಂತರ ಹೊಟ್ಟೆಯೊಳಗೆ ರಕ್ತಸ್ರಾವವಾಗುವುದು ನುರಿತ ಕೈಯಲ್ಲೂ ನಡೆಯಬಹುದೆಂಬುದನ್ನು ನಾನು ಒಪ್ಪುತ್ತೇನೆ, ಅದಕ್ಕಾಗಿ ಯಾವ ವೈದ್ಯರನ್ನೂ ದೂರುವುದಿಲ್ಲ. ಆದರೆ ನಾಡಿ ಏರುತ್ತ ಬಿಪಿ ಇಳಿಯುತ್ತ ಬಂದರೆ ಅದು ಎಚ್ಚರಿಕೆ. ಆ ಎಚ್ಚರಿಕೆಯನ್ನು ಕಾಣಲೆಂದೇ ಇರುವ ಹಾಳೆ ಅದು. ಒಪ್ಪಿಗೆ ಪತ್ರವಂತೂ ಇಂಗ್ಲಿಷಿನಲ್ಲಿದೆ, ಯಾವ ಶಸ್ತ್ರಚಿಕಿತ್ಸೆ ಎಂದು ಬರೆಯಬೇಕಾದ ಜಾಗ ಖಾಲಿಯಿದೆ, ಕೆಳಗೆ ಏಳನೇ ಇಯತ್ತೆ ಓದಿದ ಅವಳ ಗಂಡನ ಕನ್ನಡ ಸಹಿ ಇದೆ. ಎಚ್ಚರವಾಗಿದ್ದ ನನ್ನ ತಂಗಿಯ ಸಹಿಯನ್ನು ಯಾರೂ ಕೇಳಿಲ್ಲ. ರೋಗಿ ತಾನೇ ತಿಳಿದು ಒಪ್ಪಬೇಕೆಂದು ಸುಪ್ರೀಂ ಕೋರ್ಟ್ 2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಹೇಳಿದೆ.

ವೈದ್ಯರನ್ನು ಜೈಲಿಗೆ ಕಳಿಸಬೇಕೆಂಬ ಹಟ ನಮಗಿಲ್ಲ. ಕ್ರಿಮಿನಲ್ ಮೊಕದ್ದಮೆಗೆ ಮೊದಲು ಸ್ವತಂತ್ರ ವೈದ್ಯರ ಅಭಿಪ್ರಾಯ ಪಡೆಯಬೇಕೆಂದು ಸುಪ್ರೀಂ ಕೋರ್ಟಿನ 2005ರ ಜೇಕಬ್ ಮ್ಯಾಥ್ಯೂ ತೀರ್ಪು ಹೇಳಿರುವುದು ನ್ಯಾಯವೇ ಆಗಿದೆ. ನಾವು ಆಸ್ಪತ್ರೆಯ ಗಾಜು ಒಡೆದಿಲ್ಲ, ಯಾರ ಮೇಲೂ ಕೈ ಮಾಡಿಲ್ಲ, ಕಾನೂನಿನ ದಾರಿಯಲ್ಲೇ ಹೋದೆವು. ಆ ದಾರಿಯಲ್ಲಿ ಕಟ್ಟಿದ ಬಿಲ್ಲು 5 ಲಕ್ಷ ರೂಪಾಯಿ ದಾಟದಿದ್ದರೆ ಶುಲ್ಕವಿಲ್ಲ, ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು ಎಂಬುದು ಹಳ್ಳಿಯ ಜನರಿಗೆ ಗೊತ್ತಿಲ್ಲ.

ಹಣ ಕಟ್ಟಿದ ಗ್ರಾಹಕರೆಂದು ದೂರು ಕೊಡಲು ನಮಗೆ ಬಿಲ್ಲಾದರೂ ಇತ್ತು. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ನಂತರ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು, ಅವರಿಗೆ ಕೊಟ್ಟ ಡ್ರಿಪ್ ದ್ರಾವಣ ರಿಂಗರ್ ಲ್ಯಾಕ್ಟೇಟ್ ಮೇಲೆ ಅನುಮಾನ ಎದ್ದು ರಾಜ್ಯದ ಔಷಧ ನಿಯಂತ್ರಕರನ್ನೇ ಸರ್ಕಾರ ಅಮಾನತು ಮಾಡಿತು. ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಗ್ರಾಹಕರ ಕಾಯ್ದೆಗೆ ಒಳಪಡುವುದಿಲ್ಲವೆಂದು ಸುಪ್ರೀಂ ಕೋರ್ಟಿನ 1995ರ ಶಾಂತಾ ಪ್ರಕರಣದಲ್ಲಿ ತೀರ್ಮಾನವಾಗಿರುವುದರಿಂದ ಸರ್ಕಾರಿ ಆಸ್ಪತ್ರೆಗೆ ಹೋದ ಬಡವರಿಗೆ ಈ ಬಾಗಿಲೂ ಸುಲಭವಾಗಿ ತೆರೆಯುವುದಿಲ್ಲ. ಅಂಥವರಿಗೆ ಕೇಸ್ ಶೀಟಿನ ಒಂದು ಪ್ರತಿ ಇನ್ನೂ ಹೆಚ್ಚು ಅಗತ್ಯ.

ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿ ಮತ್ತು ಕುಂದುಕೊರತೆ ಪರಿಹಾರ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯವರೇ ಅಧ್ಯಕ್ಷರು. ರಾಯಚೂರು ಜಿಲ್ಲೆಯ ಪ್ರತಿ ಆಸ್ಪತ್ರೆಯ ಬಿಲ್ ಕೌಂಟರಿನ ಪಕ್ಕದಲ್ಲಿ, 72 ಗಂಟೆಯೊಳಗೆ ಕೇಸ್ ಶೀಟ್ ಕೊಡಲಾಗುವುದು, ಕೊಡದಿದ್ದರೆ ಇಂಥವರಿಗೆ ದೂರು ಕೊಡಿ ಎಂದು ಕನ್ನಡದಲ್ಲಿ ದೊಡ್ಡ ಅಕ್ಷರದ ಫಲಕ ಹಾಕಿಸಬೇಕು. ಒಪ್ಪಿಗೆ ಪತ್ರಗಳು ಕನ್ನಡದಲ್ಲಿರಬೇಕು. ರೋಗಿ ಸತ್ತಾಗ ಪೋಸ್ಟ್‌ಮಾರ್ಟಂ ಬೇಕೇ ಎಂದು ಮನೆಯವರನ್ನು ಕೇಳಿ, ಅವರ ಉತ್ತರವನ್ನು ಬರೆದಿಡಬೇಕು. ಇವಕ್ಕೆ ಹೊಸ ಕಾನೂನು ಬೇಕಿಲ್ಲ, ಜಿಲ್ಲಾಧಿಕಾರಿಯವರ ಒಂದು ಸುತ್ತೋಲೆ ಸಾಕು.

ನಮ್ಮ ದೂರಿನ ವಿಚಾರಣೆ ಆಯೋಗದಲ್ಲಿ ನಡೆಯುತ್ತಿದೆ. ಆ ರಾತ್ರಿ ಎಂಟರಿಂದ ಎರಡರವರೆಗೆ ನನ್ನ ತಂಗಿಯನ್ನು ನೋಡಿದವರು ಯಾರು ಎಂಬುದಷ್ಟೇ ಅದರಲ್ಲಿ ನಾವು ಕೇಳಿರುವ ಮೊದಲ ಪ್ರಶ್ನೆ.

— ನಿವೃತ್ತ ಪ್ರೌಢಶಾಲಾ ಶಿಕ್ಷಕ, ಸಿಂಧನೂರು