ಮುಗೀತು ಅಂತ ಬರೆದೆಯಲ್ಲ ಮಗಳೇ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನಿನ್ನ ಮೇಲೆ ಕೂಗಾಡಿದ್ದು ತಪ್ಪು. ಅಷ್ಟು ಬರೆದು ಕವರಿಗೆ ಹಾಕೋಣ ಅಂತಲೇ ಕೂತೆ. ಆದರೆ ತವರಿನ ಜಮೀನಿನಲ್ಲಿ ಪಾಲು ಕೇಳಿ ನಾನು ಹಾಕಿದ ಕೇಸಿನ ಬಗ್ಗೆ ಮೊಬೈಲಿನಲ್ಲಿ ಕಂಡ 'ಕೇಸ್ ಡಿಸ್ಪೋಸ್ಡ್', ಅಂದರೆ ವಿಲೇವಾರಿ, ಅನ್ನೋದನ್ನ 'ಅಮ್ಮನ ಕೇಸು ಮುಗೀತು' ಅಂತ ತವರಿನವರ ಗ್ರೂಪಿಗೇ ಹಾಕಿಬಿಟ್ಟೆಯಲ್ಲ! ಕೆಳಗೆ ನಿನ್ನ ದೊಡ್ಡಮಾವ ಕೈಮುಗಿದ ಚಿತ್ರ ಹಾಕಿದ. ಮುಗಿದಿಲ್ಲ ಅಂತ ಅವನಿಗೆ ಗೊತ್ತು. ಹೊಸ ನೋಟಿಸು ಹೋಗಿರೋದು ಅವನ ಮನೆಗೇ.

ನೀನು ಹುಡುಕಿದ್ದು ಹಳೇ ಒ.ಎಸ್. ನಂಬರು, ಅಂದರೆ ಮೂಲ ದಾವೆಯದ್ದು. 2021ರಲ್ಲಿ ಆಗಿದ್ದು ಪ್ರಾಥಮಿಕ ಡಿಕ್ರಿ. ನನಗೆ ಮೂರರಲ್ಲೊಂದು ಪಾಲು ಅಂತ ಅದು ಹೇಳುತ್ತೆ, ಯಾವ ತೆಂಗಿನ ಮರದಿಂದ ಯಾವ ಮರದವರೆಗೆ ಅಂತ ಹೇಳೋಲ್ಲ. ಅಲ್ಲಿಗೆ ಕೋರ್ಟಿನ ಲೆಕ್ಕದಲ್ಲಿ ಆ ನಂಬರು ವಿಲೇವಾರಿ. ಅಳೆದು ಹಂಚಿಕೊಡಿ ಅಂತ ಕೇಳೋಕೆ ಎಫ್‌ಡಿಪಿ, ಅಂದರೆ ಅಂತಿಮ ಡಿಕ್ರಿಯ ಅರ್ಜಿ, ಬೇರೆ ಹಾಕಬೇಕಿತ್ತು, ಅದಕ್ಕೆ ಬೇರೆ ನಂಬರು. ಕಂದಾಯದ ಜಮೀನಾದ್ದರಿಂದ ಅಲ್ಲಿಂದ ಡಿಸಿಯವರಿಗೆ, ಸರ್ವೆಯವರಿಗೆ. ಪ್ರಾಥಮಿಕ ಡಿಕ್ರಿ ಆದ ಮೇಲೆ ಕೋರ್ಟೇ ಮುಂದುವರಿಸಬೇಕು, ಬೇರೆ ಅರ್ಜಿಗೆ ಕಾಯಬಾರದು ಅಂತ 2022ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ನಮ್ಮದು ಅಷ್ಟರಲ್ಲಿ ಕಟ್ಟಿಟ್ಟ ಕಡತ.

ತೀರ್ಪಿನ ದಿನದ್ದೊಂದು ನಿನಗೆ ಹೇಳಿಲ್ಲ. ಬೆಳಿಗ್ಗೆ ಏಳಕ್ಕೇ ಬಸ್ಸು ಹತ್ತಿದ್ದೆ, ಚಿತ್ರಾನ್ನದ ಡಬ್ಬಿ ಇತ್ತು. ಕೋರ್ಟಿನ ಹೊಂಗೆ ಮರದ ಕೆಳಗೆ ಅಣ್ಣ, ಅದೇ ನಿನ್ನ ದೊಡ್ಡಮಾವ, ಒಬ್ಬನೇ ಕೂತಿದ್ದ. ಒಂದು ಚಪ್ಪಲಿಯ ಬಾರು ಕಿತ್ತು ಪಿನ್ನು ಹಾಕಿಕೊಂಡಿದ್ದ. ಏನೂ ತಿಂದಿರಲಿಲ್ಲ, ಹಸಿದಾಗ ಅವನ ಕಿವಿ ಕೆಂಪಾಗುತ್ತೆ, ಚಿಕ್ಕಂದಿನಿಂದಲೂ. ಡಬ್ಬಿಯ ಮುಚ್ಚಳಕ್ಕೆ ಕೈ ಹಾಕಿದೆ. ನಮ್ಮ ವಕೀಲರು ನೋಡುತ್ತಿದ್ದರು. ಕೈ ಹಿಂದೆ ತೆಗೆದೆ.

ಕೊಡಬಹುದಿತ್ತು. ಕೊಟ್ಟಿದ್ದರೆ ಪಾಲೇನೂ ಕಮ್ಮಿಯಾಗುತ್ತಿರಲಿಲ್ಲ.

ನಿನಗೆ ಬುದ್ಧಿ ಹೇಳಬಾರದು ಅಂದುಕೊಂಡಿದ್ದೆ, ಆದರೂ ಕೇಳು. ಡಿಸ್ಪೋಸ್ಡ್ ಅನ್ನೋದು ಗೆದ್ದದ್ದಕ್ಕೂ ಅದೇ, ಸೋತದ್ದಕ್ಕೂ ಅದೇ, ರಾಜಿಗೂ ಅದೇ. ವಾಯ್ದೆಗೆ ಹೋಗದೆ ವಜಾ ಆದರೂ ಅದೇ. ಹಾಗೆ ವಜಾ ಆದದ್ದನ್ನು ಮತ್ತೆ ತೆರೆಸೋಕೆ 30 ದಿನ, ಜಿಲ್ಲಾ ಕೋರ್ಟಿಗೆ ಅಪೀಲು ಹೋಗೋಕೂ 30 ದಿನ. ಅದಕ್ಕೇ ಆ ಪದದ ಕೆಳಗಿನ ಸಾಲು ಓದಬೇಕು, ಆರ್ಡರ್ ಶೀಟು ನೋಡಬೇಕು, ನಕಲು ತೆಗೆಸಿ ಇಟ್ಟುಕೊಳ್ಳಬೇಕು. ಯಾರಾದರೂ 'ಕೇಸು ಮುಗೀತಲ್ಲ, ಇಲ್ಲೊಂದು ಸಹಿ ಹಾಕು' ಅಂದರೆ ಹಾಕಬೇಡ. ನಿನ್ನ ಮಾವನ ಮಗ ಬೆಂಗಳೂರಿನಲ್ಲಿ ನಿನ್ನ ರೂಮಿನ ಹತ್ತಿರವೇ ಇದ್ದಾನೆ, ಒಳ್ಳೇ ಹುಡುಗ. ಒಳ್ಳೆಯವರು ತಂದ ಕಾಗದಕ್ಕೇ ನನಗೆ ಹೆದರಿಕೆ. ಹಕ್ಕು ಬಿಡುಗಡೆ ಪತ್ರ ಅಂತ ಮೇಲೆ ದೊಡ್ಡದಾಗಿ ಬರೆದಿದ್ದರೂ ಕಣ್ಣು ಅಲ್ಲಿಗೆ ಹೋಗೋಲ್ಲ, ಸಹಿ ಮಾಡೋ ಜಾಗಕ್ಕೇ ಹೋಗುತ್ತೆ. ಬೈಕೋಬೇಡ.

ಈ ಕೇಸಿನಲ್ಲಿ ನಿನ್ನದೂ ಒಂದು ಪಾಲಿದೆ, ಅದನ್ನು ನಾನು ಯಾರಿಗೂ ಹೇಳಿಕೊಂಡಿಲ್ಲ, ದೃಷ್ಟಿಯಾಗುತ್ತೆ. ನನ್ನ ಮದುವೆ 1991ರಲ್ಲಿ, ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟ ನಮ್ಮ ರಾಜ್ಯದ 1994ರ ಕಾನೂನು ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟಿತ್ತು. ಮದುವೆಯಾದವರಿಗೂ ಪಾಲು ಕೊಟ್ಟ ಹಿಂದೂ ಉತ್ತರಾಧಿಕಾರ ಕಾನೂನಿನ 2005ರ ತಿದ್ದುಪಡಿ ಬಂದಾಗ ನಿಮ್ಮ ತಾತ ಇರಲಿಲ್ಲ. ಮಗಳಿಗೆ ಪಾಲು ಸಿಗೋಕೆ ತಂದೆ ಅವತ್ತು ಬದುಕಿರಬೇಕಾಗಿಲ್ಲ ಅಂತ 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನ ವಕೀಲರಿಗಿಂತ ಮೊದಲು ನನಗೆ ಓದಿ ಹೇಳಿದವಳು ನೀನು.



ಹೊಸ ನಂಬರು ಹಾಳೆಯ ಹಿಂದೆ ಇದೆ, ವಾಯ್ದೆ 18ಕ್ಕೆ. ನೋಡು, ಗ್ರೂಪಿಗೆ ಹಾಕಬೇಡ. ಅವತ್ತಿನ ಚಿತ್ರಾನ್ನ ಹಳಸಿತ್ತು, ರಾತ್ರಿ ಹಸುವಿನ ಬಾನಿಗೆ ಸುರಿದೆ. ನಾನೂ ತಿಂದಿರಲಿಲ್ಲ.

ನಿನ್ನಮ್ಮ
ತಿಪಟೂರು